ಕೆಮಿಕಲ್ ಪ್ಲಾಂಟ್ ಆಪರೇಟರ್ ಇಂಟರ್‌ವ್ಯೂ: ಏನು ಓದಬೇಕು, ಏನು ಕೇಳ್ತಾರೆ?

ಪ್ರಶ್ನೆ (ಐಟಿಐ ಮುಗಿಸಿದವರು, ಯಾದಗಿರಿ ಜಿಲ್ಲೆ):
ಸರ್, ನಮಸ್ಕಾರ. ನಾನು ಐಟಿಐಯಲ್ಲಿ ಎಓಸಿಪಿ (ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್) ಟ್ರೇಡ್ ಮಾಡಿ ಅಪ್ರೆಂಟಿಸ್ ಕೂಡ ಮುಗಿಸಿದ್ದೇನೆ. ಕಡೇಚೂರಿನ ಒಂದು ಬಲ್ಕ್ ಡ್ರಗ್ (ಔಷಧಿಯ ಮೂಲ ವಸ್ತು ತಯಾರಿಸೋ) ಕಂಪನಿಯಿಂದ ಪ್ರೊಡಕ್ಷನ್ ಆಪರೇಟರ್ ಕೆಲಸಕ್ಕೆ ಕರೆ ಬಂದಿದೆ. ಮುಂದಿನ ವಾರ ಇಂಟರ್‌ವ್ಯೂ. ಯೂಟ್ಯೂಬಿನಲ್ಲಿ ನೂರಾರು ಪ್ರಶ್ನೆಗಳ ಪಟ್ಟಿ ಸಿಗುತ್ತೆ, ಆದರೆ ಓದಿದ್ದು ಒಂದೂ ತಲೆಯಲ್ಲಿ ನಿಲ್ಲುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಶಿಫ್ಟ್ ಇನ್‌ಚಾರ್ಜ್, ಕೆಮಿಕಲ್ ಪ್ಲಾಂಟ್):
ಆ ಪಟ್ಟಿಗಳನ್ನು ಮೊದಲು ಪಕ್ಕಕ್ಕಿಡಿ ತಮ್ಮ. ಅಪ್ರೆಂಟಿಸ್ ಮಾಡುವಾಗ ನೀವು ದಿನಾ ನಿಂತಿದ್ದ ಒಂದು ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಯೋ ಪಾತ್ರೆ) ಇರುತ್ತಲ್ವಾ, ಅದರಿಂದ ಶುರು ಮಾಡಿ. ಒಂದು ಹಾಳೆ ತಗೊಂಡು ಅದರ ಚಿತ್ರ ಬರೆಯಿರಿ. ಮೇಲೆ ಆವಿಯನ್ನು ತಣಿಸಿ ದ್ರವ ಮಾಡೋ ಕಂಡೆನ್ಸರ್, ಸುತ್ತ ಬಿಸಿ ಅಥವಾ ತಂಪು ಕೊಡೋ ಜಾಕೆಟ್, ಕೆಳಗೆ ಬಾಟಮ್ ವಾಲ್ವ್. ಸ್ಟೀಮ್ ಎಲ್ಲಿಂದ ಬರುತ್ತೆ, ಚಿಲ್ಡ್ ವಾಟರ್ ಎಲ್ಲಿಂದ ಒಳಗೆ ಹೋಗುತ್ತೆ, ನೈಟ್ರೋಜನ್ ಲೈನ್ ಯಾವ ಕಡೆ, ವೆಂಟ್ ಎಲ್ಲಿಗೆ ಹೋಗುತ್ತೆ, ಎಲ್ಲಾ ಗುರುತು ಹಾಕಿ. ಆಮೇಲೆ ಒಂದೊಂದು ವಾಲ್ವ್ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಇದು ಯಾಕಿದೆ? ಇದನ್ನು ತೆರೆಯೋದು ಮರೆತರೆ ಏನಾಗುತ್ತೆ?

ನಾನು ಇಂಟರ್‌ವ್ಯೂ ಪ್ಯಾನಲ್‌ನಲ್ಲಿ ಕೂತಾಗ ಕೇಳೋದು ಇದನ್ನೇ. ಸೆಂಟ್ರಿಫ್ಯೂಗಲ್ ಪಂಪ್ ಶುರು ಮಾಡೋದು ಹೇಗೆ ಅಂದರೆ, "ಸಕ್ಷನ್ ಓಪನ್, ಡಿಸ್ಚಾರ್ಜ್ ಕ್ಲೋಸ್, ಮೋಟರ್ ಆನ್" ಅಂತ ಎಲ್ಲರೂ ಹೇಳ್ತಾರೆ. ಡಿಸ್ಚಾರ್ಜ್ ಯಾಕೆ ಮುಚ್ಚಿರಬೇಕು ಅಂದಾಗ ಅರ್ಧ ಜನ ಸುಮ್ಮನಾಗ್ತಾರೆ. ಶುರುವಿನಲ್ಲಿ ಮೋಟರ್ ಮೇಲೆ ಲೋಡ್ ಕಡಿಮೆ ಇರಲಿ ಅಂತ, ಅಷ್ಟೇ. ಪ್ರೆಶರ್ ಬಂದ ಮೇಲೆ ನಿಧಾನಕ್ಕೆ ತೆರೆಯಬೇಕು. ಮುಚ್ಚಿಟ್ಟೇ ಬಿಟ್ಟರೆ ಒಳಗಿನ ದ್ರವ ಕಾದು ಸೀಲ್ ಹಾಳಾಗುತ್ತೆ. ಗೇರ್ ಪಂಪಿನಂಥ ಪಾಸಿಟಿವ್ ಪಂಪಿಗೆ ಈ ಮಾತು ಪೂರ್ತಿ ಉಲ್ಟಾ. ಅಲ್ಲಿ ಡಿಸ್ಚಾರ್ಜ್ ಮುಚ್ಚಿ ಶುರು ಮಾಡಿದರೆ ಒತ್ತಡ ಏರುತ್ತಲೇ ಹೋಗುತ್ತೆ. ರಿಲೀಫ್ ವಾಲ್ವ್ ಕೆಲಸ ಮಾಡದಿದ್ದರೆ ಲೈನ್ ಒಡೆಯಬಹುದು. ಈ ವ್ಯತ್ಯಾಸ ನಿಮ್ಮ ಮಾತಲ್ಲೇ ಹೇಳಿದರೆ, ನೀವು ನಿಜವಾಗಿ ಪಂಪ್ ಹತ್ತಿರ ನಿಂತವರು ಅಂತ ನಮಗೆ ಗೊತ್ತಾಗುತ್ತೆ.

ಬಲ್ಕ್ ಡ್ರಗ್ ಕಂಪನಿ ಅಂದಮೇಲೆ ಸಾಲ್ವೆಂಟ್ (ಬೇರೆ ವಸ್ತು ಕರಗಿಸೋ ದ್ರವ) ಬಗ್ಗೆ ಖಂಡಿತ ಕೇಳ್ತಾರೆ. "ರಿಯಾಕ್ಟರ್‌ಗೆ ಟೊಲ್ಯೂನ್ ಚಾರ್ಜ್ ಮಾಡೋ ಮುಂಚೆ ಏನೇನು ನೋಡ್ತೀರಿ?" ಇದಕ್ಕೆ ಚೆನ್ನಾಗಿ ತಯಾರಾಗಿ. ಟೊಲ್ಯೂನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಂದರೆ ನಿಮ್ಮ ಯಾದಗಿರಿ ಬಿಸಿಲಿರಲಿ, ಚಳಿಗಾಲದ ಬೆಳಗ್ಗೆ ಕೂಡ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಇರುತ್ತೆ. ಕಿಡಿಗೆ ಬೆಂಕಿಕಡ್ಡಿಯೇ ಬೇಕಾಗಿಲ್ಲ. ಪೈಪಿನಲ್ಲಿ ಟೊಲ್ಯೂನ್ ಹರಿಯುವಾಗಲೇ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತೆ. ಅದಕ್ಕೇ ಮೊದಲು ರಿಯಾಕ್ಟರ್ ಖಾಲಿ ಇದೆ, ಕ್ಲೀನ್ ಆಗಿದೆ ಅಂತ ಸ್ಟೇಟಸ್ ಲೇಬಲ್ ನೋಡಬೇಕು. ಬಾಟಮ್ ವಾಲ್ವ್ ಮುಚ್ಚಿದೆಯಾ ಅಂತ ಕೈಯಿಂದ ಮುಟ್ಟಿ ನೋಡಬೇಕು. ವೆಂಟ್ ಲೈನ್ ತೆರೆದಿರಬೇಕು, ಕಂಡೆನ್ಸರ್‌ನಲ್ಲಿ ಚಿಲ್ಡ್ ವಾಟರ್ ಓಡುತ್ತಿರಬೇಕು. ರಿಯಾಕ್ಟರ್ ಒಳಗೆ ನೈಟ್ರೋಜನ್ ಹರಿಸಿ ಅಲ್ಲಿನ ಗಾಳಿ ಹೊರಗೆ ಹಾಕಬೇಕು. ಡ್ರಮ್ಮಿಗೆ ಅರ್ಥಿಂಗ್ ಕ್ಲಾಂಪ್ ಹಾಕುವಾಗ ಬಣ್ಣದ ಮೇಲೆ ಕಚ್ಚಿಸಿದರೆ ಪ್ರಯೋಜನವಿಲ್ಲ, ಬರೀ ಲೋಹಕ್ಕೆ ಕಚ್ಚಬೇಕು. ಮೇಲಿಂದ ಸುರಿಯದೆ, ತಳದ ಹತ್ತಿರದವರೆಗೆ ಇಳಿದಿರೋ ಡಿಪ್ ಪೈಪಿನಲ್ಲೇ ಬಿಡಬೇಕು. ಪೈಪಿನ ತುದಿ ಮುಳುಗುವವರೆಗೆ ನಿಧಾನ.

ಇದನ್ನೆಲ್ಲ ಬಾಯಿಪಾಠ ಒಪ್ಪಿಸೋದು ಬೇಡ. ಒಂದೊಂದಕ್ಕೂ "ಯಾಕೆಂದರೆ" ಅಂತ ಸೇರಿಸಿ ಹೇಳಿ.

ಅದೇ ಯುವಕ:
ತುಂಬಾ ಉಪಕಾರ ಆಯ್ತು ಸರ್. "ಟೆಂಪರೇಚರ್ ಇದ್ದಕ್ಕಿದ್ದಂತೆ ಏರಿದರೆ ಏನು ಮಾಡ್ತೀಯ" ಅಂತ ನನ್ನ ಗೆಳೆಯನಿಗೆ ಕೇಳಿದ್ದರಂತೆ. ಅವನು "ಕೂಲಿಂಗ್ ಕೊಡ್ತೀನಿ" ಅಂದಿದ್ದಾನೆ. ಅವರು ತೃಪ್ತರಾಗಲಿಲ್ಲ ಅನ್ನಿಸಿತಂತೆ.

ಉತ್ತರ:
ಉತ್ತರ ತಪ್ಪಲ್ಲ, ಆದರೆ ಅದು ಎರಡನೆಯ ಹೆಜ್ಜೆ. ಮೊದಲು ನಿಲ್ಲಿಸಬೇಕಾದದ್ದು ಅಡಿಷನ್, ಅಂದರೆ ಒಳಗೆ ವಸ್ತು ಬಿಡೋದು. ಡೋಸಿಂಗ್ ನಡೀತಾ ಇದ್ದರೆ ಬಿಸಿ ಹುಟ್ಟಿಸೋ ವಸ್ತು ಒಳಗೆ ಹೋಗ್ತಾನೇ ಇರುತ್ತೆ. ಅದನ್ನು ಮುಚ್ಚಿ, ಜಾಕೆಟ್‌ನಲ್ಲಿ ಸ್ಟೀಮ್ ಇದ್ದರೆ ಮುಚ್ಚಿ, ಆಮೇಲೆ ಕೂಲಿಂಗ್. ಅಜಿಟೇಟರ್ (ಒಳಗಿರೋದನ್ನು ಕಲಕೋ ರೆಕ್ಕೆ) ತಿರುಗುತ್ತಿದೆಯಾ ಅಂತ ನೋಡಿ. ತಕ್ಷಣ ಶಿಫ್ಟ್ ಇನ್‌ಚಾರ್ಜ್‌ಗೆ ತಿಳಿಸಿ. ಎಸ್‌ಒಪಿಯಲ್ಲಿ (ಕೆಲಸದ ಹೆಜ್ಜೆಗಳನ್ನು ಬರೆದಿಟ್ಟ ಕಂಪನಿಯ ಪತ್ರ) ಬರೆದ ಮಿತಿ ದಾಟುತ್ತಿದ್ದರೆ ಜನರನ್ನು ಹೊರಗೆ ಕಳಿಸೋದು ಕೂಡ ನಿಮ್ಮ ಉತ್ತರದಲ್ಲಿರಲಿ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರಬಹುದು. ಡೋಸಿಂಗ್ ನಡೆಯುವಾಗ ಅಜಿಟೇಟರ್ ನಿಂತಿತ್ತು, ನೀವು ತಡವಾಗಿ ನೋಡಿದಿರಿ. ಏನು ಮಾಡ್ತೀರಿ? ಹೆಚ್ಚಿನವರು "ತಕ್ಷಣ ಅಜಿಟೇಟರ್ ಆನ್" ಅಂತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅಷ್ಟು ಹೊತ್ತು ಒಳಗೆ ಬಿದ್ದದ್ದು ಬೆರೆಯದೆ ಒಂದು ಕಡೆ ಕೂತಿರುತ್ತೆ. ಅಜಿಟೇಟರ್ ತಿರುಗಿದ ಕೂಡಲೇ ಎಲ್ಲಾ ಒಟ್ಟಿಗೆ ರಿಯಾಕ್ಟ್ ಆಗಿ ಕೈ ಮೀರಬಹುದು. ಅಡಿಷನ್ ನಿಲ್ಲಿಸ್ತೀನಿ, ಅಜಿಟೇಟರ್ ಮುಟ್ಟಲ್ಲ, ಮೇಲಿನವರಿಗೆ ತಿಳಿಸ್ತೀನಿ ಅನ್ನಿ. ಪ್ಲಾಂಟಿನಲ್ಲಿ ಧೈರ್ಯಕ್ಕಿಂತ ಈ ತಡೆದು ನಿಲ್ಲೋ ಗುಣವೇ ನಮಗೆ ಬೇಕಾಗಿರೋದು.

ಪ್ರಶ್ನೆ (ಡಿಪ್ಲೊಮಾ ಕೆಮಿಕಲ್, ಬೀದರ್):
ಸರ್, ನನಗೆ ಡಿಸಿಎಸ್ (ಕಂಪ್ಯೂಟರಿನಿಂದ ಪ್ಲಾಂಟ್ ನಿಯಂತ್ರಿಸೋ ವ್ಯವಸ್ಥೆ) ಪ್ಯಾನಲ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಇನ್‌ಸ್ಟ್ರುಮೆಂಟ್ ಪ್ರಶ್ನೆ ಎಷ್ಟು ಕೇಳ್ತಾರೆ? ಲಾಗ್‌ಬುಕ್ ಬಗ್ಗೆಯೂ ಕೇಳ್ತಾರಂತೆ, ಅದರಲ್ಲಿ ಕೇಳೋಕೆ ಏನಿದೆ?

ಉತ್ತರ:
ಮೇಡಂ, ಎರಡೂ ಕೇಳ್ತಾರೆ. ಟ್ರಾನ್ಸ್‌ಮಿಟರ್ ಸಿಗ್ನಲ್ ಸಾಮಾನ್ಯವಾಗಿ 4ರಿಂದ 20 ಮಿಲಿಆಂಪ್. ಒತ್ತಡದ ರೇಂಜ್ 0ಯಿಂದ 10 ಕೆಜಿ (ಚದರ ಸೆಂಟಿಮೀಟರಿಗೆ) ಇದ್ದರೆ 12 ಮಿಲಿಆಂಪ್‌ಗೆ 5 ಕೆಜಿ. 0ಯಿಂದ ಶುರು ಮಾಡದೆ 4ರಿಂದ ಯಾಕೆ? ವೈರ್ ಕಡಿದರೆ ಸಿಗ್ನಲ್ 0 ಆಗುತ್ತೆ. ಒತ್ತಡವೇ ಇಲ್ಲದಿರೋದಕ್ಕೂ ವೈರ್ ಕಡಿದಿರೋದಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ. ಕಂಟ್ರೋಲ್ ವಾಲ್ವ್‌ಗೆ ಗಾಳಿ ನಿಂತರೆ ಏನಾಗಬೇಕು ಅಂತಲೂ ಯೋಚಿಸಿ. ಬಿಸಿಗೆ ಕೈ ಮೀರುವ ರಿಯಾಕ್ಷನ್ ಇದ್ದರೆ ಸ್ಟೀಮ್ ವಾಲ್ವ್ ಮುಚ್ಚಿಕೊಳ್ಳಬೇಕು, ಕೂಲಿಂಗ್ ವಾಲ್ವ್ ತೆರೆದುಕೊಳ್ಳಬೇಕು.

ಲಾಗ್‌ಬುಕ್ ಸಣ್ಣ ವಿಷಯ ಅಂದುಕೊಳ್ಳಬೇಡಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಎಂಐಸಿ (ಮೀಥೈಲ್ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕ) ತುಂಬಿದ್ದ ಟ್ಯಾಂಕಿನ ಒತ್ತಡ ಶಿಫ್ಟ್ ಬದಲಾಗುವ ಮುಂಚೆ ಸುಮಾರು 2 ಪಿಎಸ್‌ಐ ಇತ್ತು. 11 ಗಂಟೆ ಹೊತ್ತಿಗೆ 10 ಆಗಿತ್ತು. 10 ಅನ್ನೋದು ಮಾಮೂಲಿ ಮಿತಿಯ ಒಳಗೇ ಇದ್ದದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಆದರೆ ಅಷ್ಟು ಬೇಗ ಐದು ಪಟ್ಟು ಏರಿದ್ದೇ ಸುದ್ದಿ. ಟ್ಯಾಂಕಿಗೆ ನೀರು ಸೇರಿ ಒಳಗೆ ರಿಯಾಕ್ಷನ್ ಶುರುವಾಗಿತ್ತು. ರೀಡಿಂಗ್ ಮಿತಿಯೊಳಗಿದೆಯಾ ಅಂತ ನೋಡಿದರೆ ಸಾಲದು, ಹಿಂದಿನ ಗಂಟೆಯದ್ದರ ಪಕ್ಕ ಇಟ್ಟು ನೋಡಬೇಕು. ಹ್ಯಾಂಡೋವರ್ ಅಂದರೆ ಇದೇ. ಇಂಟರ್‌ವ್ಯೂನಲ್ಲಿ ಇದನ್ನು ಹೇಳಿ.

ಇನ್ನೊಂದು. "ಎರಡು ಗಂಟೆ ರೀಡಿಂಗ್ ತಗೊಳ್ಳೋದು ಮರೆತೆ, ಈಗ ಏನು ಬರೀತೀಯ?" ಅಂತ ಕೇಳಿ ಪರೀಕ್ಷಿಸ್ತಾರೆ. ತಗೊಂಡಿಲ್ಲ ಅಂತಲೇ ಬರೀಬೇಕು. ಅಂದಾಜಿನ ನಂಬರ್ ತುಂಬುವವರನ್ನು ನಾನಂತೂ ತಗೊಳ್ಳಲ್ಲ. ತಪ್ಪು ಬರೆದಿದ್ದರೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ವೈಟ್‌ನರ್ ಮುಟ್ಟಲೇಬಾರದು.

ಪ್ರಶ್ನೆ (ಇನ್ನೊಬ್ಬರು, ರಾಯಚೂರು):
ಅಣ್ಣ, ಇಂಗ್ಲಿಷ್ ಸರಿಯಾಗಿ ಬರಲ್ಲ. ನಾವೂ ಅವರಿಗೆ ಏನಾದರೂ ಕೇಳಬಹುದಾ?

ಉತ್ತರ:
ಆಪರೇಟರ್ ಕೆಲಸಕ್ಕೆ ಇಂಗ್ಲಿಷ್ ಭಾಷಣ ಯಾರೂ ಕೇಳಲ್ಲ. ಕನ್ನಡದಲ್ಲೋ ಹಿಂದಿಯಲ್ಲೋ ಹೇಳಿ. ಆದರೆ ಎಸ್‌ಒಪಿ, ಬ್ಯಾಚ್ ಶೀಟ್, ಡ್ರಮ್ ಮೇಲಿನ ಲೇಬಲ್ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತೆ. ಅದನ್ನು ಓದಿ ಅರ್ಥ ಮಾಡಿಕೊಳ್ಳೋದು, ರೀಡಿಂಗ್ ಬರೆಯೋದು ಬರಲೇಬೇಕು. ಈ ವಾರ ಯಾವುದಾದರೂ ಸಾಲ್ವೆಂಟ್‌ನ ಸೇಫ್ಟಿ ಡೇಟಾ ಶೀಟ್ ಇಟ್ಟುಕೊಂಡು ದಿನಾ ಒಂದು ಪುಟ ಓದಿ.

ಖಂಡಿತ ಕೇಳಿ. ಕೆಲಸ ಕಂಪನಿ ರೋಲ್‌ನಲ್ಲಾ, ಕಾಂಟ್ರಾಕ್ಟ್‌ನಲ್ಲಾ? ಶಿಫ್ಟ್ ಎಂಟು ಗಂಟೆಯಾ, ಹನ್ನೆರಡಾ? ಪಿಎಫ್, ಇಎಸ್‌ಐ ಇದೆಯಾ? ರಾತ್ರಿ ಪಾಳಿಗೆ ಬಸ್ ಇದೆಯಾ? ಒಬ್ಬನೇ ಪ್ಲಾಂಟಿಗೆ ಇಳಿಯೋ ಮುಂಚೆ ಎಷ್ಟು ದಿನ ಟ್ರೇನಿಂಗ್ ಕೊಡ್ತೀರಿ? ಈ ಕೊನೆಯದನ್ನು ಮರೀಬೇಡಿ. ಇದನ್ನು ಕೇಳಿದ ಹುಡುಗರು ನನಗೆ ಇಷ್ಟ ಆಗಿದ್ದಾರೆ. ಸೇರೋ ಮುಂಚೆ ಮೆಡಿಕಲ್ ಇರುತ್ತೆ, ಬಣ್ಣ ಗುರುತಿಸೋ ಪರೀಕ್ಷೆಯೂ ಮಾಡಬಹುದು. ಕನ್ನಡಕ ಹಾಕ್ತೀರಾದರೆ ಅವತ್ತು ಜೊತೆಗೇ ತಗೊಂಡು ಹೋಗಿ.