ಚಿಕ್ಕಪ್ಪನ ನೀಲಿ ಸ್ಕ್ರೀನ್ ಬಗ್ಗೆ, ಸ್ವಲ್ಪ ಉದ್ದ ಉಂಟು

ಚಿಕ್ಕಪ್ಪಾ, ಕಂಪ್ಯೂಟರ್ ಮಧ್ಯದಲ್ಲೇ ನಿಂತು ನೀಲಿ ಸ್ಕ್ರೀನ್ ಬರ್ತದೆ, ಅಂಗಡಿಯವರು ಎಸ್‌ಎಂಪಿಎಸ್ ಬದಲಿಸಿ ಅಂತಾರೆ ಅಂತ ನೀವು ಗ್ರೂಪಿಗೆ ಹಾಕಿದ ಫೋಟೋ ಈಗಷ್ಟೇ ನೋಡಿದೆ. ಬಸ್ಸಿನಲ್ಲಿದ್ದೇನೆ, ಸುರತ್ಕಲ್‌ನಲ್ಲಿ ಸೀಟು ಸಿಕ್ಕಿತು. ಮಧ್ಯದಲ್ಲಿ ಕಂಡಕ್ಟರಿನ ವಿಸಿಲ್ ಕೇಳ್ತದೆ, ಬೇಜಾರ್ ಮಾಡ್ಬೇಡಿ.

ಮೊದಲು, ಎಸ್‌ಎಂಪಿಎಸ್, ಅಂದ್ರೆ ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ, ಈಗಲೇ ಬದಲಿಸ್ಬೇಡಿ. ಅಂಗಡಿಯವರು ಸುಳ್ಳು ಹೇಳಿದ್ದಲ್ಲ, ಅದು ಹಾಳಾದ್ರೂ ಕಂಪ್ಯೂಟರ್ ಬಂದ್ ಆಗ್ತದೆ. ಆದ್ರೆ ಆಗ ಹೆಚ್ಚಾಗಿ ಟಪ್ ಅಂತ ಆಫ್ ಆಗುದು, ನೀಲಿ ಸ್ಕ್ರೀನಿನಲ್ಲಿ ಹೆಸರು ಬರೆದಿಟ್ಟು ಹೋಗುದಿಲ್ಲ. ನಿಮ್ಮ ಫೋಟೋದ ಕೆಳಗೆ 'ವಾಟ್ ಫೇಲ್ಡ್' ಅಂತ ಉಂಟು ನೋಡಿ. ಅದರ ಎದುರಿನ ಫೈಲಿನ ಹೆಸರಿನಲ್ಲಿ ಡಬ್ಲ್ಯು-ಎಲ್-ಎ-ಎನ್ ಅಂತ ಸಿಗ್ತದೆ, ಕೊನೆಗೆ ಡಾಟ್ ಸಿಸ್. ಅದು ವೈಫೈ ಕಾರ್ಡಿನ ಡ್ರೈವರ್, ಅಂದ್ರೆ ಆ ಕಾರ್ಡನ್ನು ವಿಂಡೋಸಿನಲ್ಲಿ ಓಡಿಸುವ ಸಾಫ್ಟ್‌ವೇರ್. ಮತ್ತೆ ನೀವೇ ಹೇಳಿದ್ದು, ಮಗಳ ಹತ್ರ ವಿಡಿಯೋ ಕಾಲಿನಲ್ಲಿರುವಾಗಲೇ ಹೋಗುದು, ಮೊನ್ನೆ ನೆಟ್ ಇಲ್ಲದ ದಿನ ಸಂಜೆವರೆಗೆ ಲೆಕ್ಕ ಬರೆದ್ರೂ ಎಂತ ಆಗ್ಲಿಲ್ಲ ಅಂತ.

ಅಷ್ಟು ಸಣ್ಣ ಕಾರ್ಡು ಇಡೀ ಕಂಪ್ಯೂಟರನ್ನು ಮಲಗಿಸ್ತದಾ ಅಂತ ಚಿಕ್ಕಮ್ಮ ಕೇಳಿದ್ರಲ್ಲ. ಚಿಕ್ಕಮ್ಮಾ, ಈ ಬಸ್ಸಿನಲ್ಲಿ ನಾನು ನಿದ್ದೆ ಮಾಡಿದ್ರೆ ಸ್ಟಾಪು ತಪ್ಪುದು ನನಗೆ ಮಾತ್ರ. ಡ್ರೈವರ್ ತೂಕಡಿಸಿದ್ರೆ? ಬ್ರೌಸರ್ ಕೆಟ್ರೆ ಅದೊಂದೇ ಮುಚ್ತದೆ. ಈ ವೈಫೈ ಡ್ರೈವರ್ ಓಡುದು ವಿಂಡೋಸಿನ ಕರ್ನೆಲ್ ಒಳಗೆ, ಅಂದ್ರೆ ಇಡೀ ಕಂಪ್ಯೂಟರನ್ನು ನಡೆಸುವ ಜಾಗದಲ್ಲಿ. ಮುಟ್ಟಬಾರದ ಮೆಮೊರಿ ಮುಟ್ಟಿದ್ರೆ, ಇದ್ದ ಫೈಲುಗಳಾದ್ರೂ ಉಳಿಯಲಿ ಅಂತ ವಿಂಡೋಸೇ ಎಲ್ಲ ನಿಲ್ಲಿಸಿಬಿಡ್ತದೆ.

ಈಗ ಮಾಡ್ಲಿಕ್ಕಿರುದು: ರೂಟರಿನಿಂದ ಕೇಬಲ್ ಎಳೆದು ಸಿಪಿಯುಗೆ ಚುಚ್ಚಿ. ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಹೆಸರಿನ ಮೇಲೆ ರೈಟ್ ಕ್ಲಿಕ್, ಡಿಸೇಬಲ್. ಮೂರು ದಿನ ಹಾಗೇ ಓಡಿಸಿ, ವಿಡಿಯೋ ಕಾಲ್ ಬಿಡ್ಬೇಡಿ, ಅದೇ ಪರೀಕ್ಷೆ. ಆಗಲೂ ನೀಲಿ ಬಂತಾ, ಕಾರ್ಡನ್ನೇ ಕಳಚಿ ನೋಡ್ಬೇಕು. ಡಿಸೇಬಲ್ ಮಾಡಿದ್ರೂ ಅದು ಸ್ಲಾಟಿನಲ್ಲೇ ಇರ್ತದಲ್ಲ. ಕಳಚಿದ ಮೇಲೂ ಬಂದ್ರೆ ರ‍್ಯಾಮ್, ಎಸ್‌ಎಂಪಿಎಸ್ ನೋಡುವ.

ನಿಮ್ಮದು ಮಲ್ಪೆ ಬೇರೆ. ಉಪ್ಪುಗಾಳಿಗೆ ಕಿಟಕಿಯ ಗ್ರಿಲ್ಲಿಗೆ ಪೇಂಟ್ ಹೊಡೀತೀರಿ, ಸಿಪಿಯು ಒಳಗೆ ಯಾರು ನೋಡಿದ್ದಾರೆ? ಕಾರ್ಡು ಕಳಚಿದಾಗ, ಪ್ಲಗ್ ತೆಗೆದೇ ಕಳಚಿ ಮತ್ತೆ, ಆ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಊದಿ, ಬೆರಳು ತಾಗಿಸದೆ ಹಾಕಿ. ಸ್ಕ್ರೂ ವಾಪಸ್ ಹಾಕ್ಲಿಕ್ಕೆ ಮರೀಬೇಡಿ.

ಕೇಬಲಿನಲ್ಲಿ ಸರಿ ಆದ್ರೆ ಡ್ರೈವರ್ ಬದಲಿಸುವ. ಕಾರ್ಡು ಮಾಡಿದ ಕಂಪನಿಯ ಸೈಟಿನಿಂದಲೇ ಇಳಿಸ್ಬೇಕು. ಡ್ರೈವರ್ ಅಪ್‌ಡೇಟರ್ ಅಂತ ಬರುವ ಜಾಹೀರಾತು ಒತ್ತಿದ್ರೆ ಇದ್ದದ್ದೂ ಹೋಗ್ತದೆ! ಡಿವೈಸ್ ಮ್ಯಾನೇಜರಿನಲ್ಲಿ ಅದೇ ವೈಫೈ ಹೆಸರಿನ ಪ್ರಾಪರ್ಟೀಸ್ ಒಳಗಿನ ಪವರ್ ಮ್ಯಾನೇಜ್‌ಮೆಂಟಿನಲ್ಲಿ, ಕರೆಂಟ್ ಉಳಿಸ್ಲಿಕ್ಕೆ ಇದನ್ನು ಆಫ್ ಮಾಡಬಹುದು ಅಂತ ಒಂದು ಟಿಕ್ ಉಂಟು, ಅದನ್ನೂ ತೆಗೀರಿ.

ಈ ಕಾರ್ಡಿನ ಬದಲು ಯುಎಸ್‌ಬಿಗೆ ಚುಚ್ಚುವ ವೈಫೈ ಡಾಂಗಲ್ ತಗೊಳ್ಳುದಾದ್ರೆ ಹಾರ್ಡ್ ಡಿಸ್ಕ್ ಚುಚ್ಚಿದ ನೀಲಿ ಪೋರ್ಟಿನ ಪಕ್ಕ ಹಾಕ್ಬೇಡಿ, ಆ ಯುಎಸ್‌ಬಿ 3 ಪೋರ್ಟಿನ ರೇಡಿಯೋ ಗಲಾಟೆಗೆ 2.4 ಗಿಗಾಹರ್ಟ್ಸ್ ವೈಫೈ ಕುಂಟ್ತದೆ. ಆಯ್ತು, ಪಡುಬಿದ್ರಿ ಬಂತು, ಇಳೀಬೇಕು. ರೂಟರಿನಿಂದ ಮೇಜಿಗೆ ಎಷ್ಟು ಮೀಟರ್ ಅಂತ ಅಳೆದು ಹಾಕಿ, ಭಾನುವಾರ ಬರುವಾಗ ಕೇಬಲ್ ನಾನೇ ತರ್ತೇನೆ.