ಒಂದೇ ಘಟನೆ ಅಕ್ಕನಿಗೂ ನೆನಪಿದೆ, ನನಗೂ ನೆನಪಿದೆ. ಆಗಿದ್ದು ಯಾರಿಗೆ?

ತೀರ್ಥಹಳ್ಳಿ_ಮಳೆ:
ಅಜ್ಜನ ಮನೆಯಲ್ಲಿ ಅಡಿಕೆ ಬೇಯಿಸುವಾಗ ಅಜ್ಜನ ವಾಚು ಹಂಡೆಗೆ ಬಿತ್ತು. ಬೀಳಿಸಿದ್ದು ನಾನು, ಬೆನ್ನಿಗೆ ಗುದ್ದು ತಿಂದಿದ್ದೂ ನಾನು. ವಾಚು ಮೇಲೆತ್ತಿದಾಗ ಅದರ ಪಟ್ಟಿಯಿಂದ ಕೆಂಪು ಚೊಗರು ತೊಟ್ಟಿಕ್ಕುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ದೀಪಾವಳಿಗೆ ನೋಡಿದರೆ ಅಕ್ಕ ಇದನ್ನೇ ತನ್ನ ಕಥೆ ಅಂತ ಎಲ್ಲರ ಮುಂದೆ ಹೇಳಿದಳು, ಗುದ್ದು ಸಮೇತ! ಅವಳು ಸುಳ್ಳು ಹೇಳುವವಳಲ್ಲ. ಅಮ್ಮನಿಗೆ ಏನೂ ನೆನಪಿಲ್ಲ. ಇದು ಹೇಗೆ ಸಾಧ್ಯ?

ಗುಬ್ಬಚ್ಚಿ:
ಆರಾಮಾಗಿ ಸಾಧ್ಯ. ನೆನಪು ಮಿದುಳಿನಲ್ಲಿ ಒಂದೇ ಕಡೆ ವಿಡಿಯೋ ಥರ ಕೂತಿರುವುದಿಲ್ಲ. ನೋಡಿದ್ದು ಒಂದು ಭಾಗದಲ್ಲಿ, ಕೇಳಿದ್ದು ಇನ್ನೊಂದರಲ್ಲಿ, ಹೆದರಿಕೆ ಮತ್ತೊಂದರಲ್ಲಿ. ಹಿಪೊಕ್ಯಾಂಪಸ್ ಅನ್ನುವ ಭಾಗ ಇವನ್ನೆಲ್ಲ ಹೊಂದಿಸಿ ಕೊಡುತ್ತದೆ, ಏನಾದರೂ ಸಣ್ಣ ಸುಳಿವು ಸಿಕ್ಕರೆ ಸಾಕು, ಉಳಿದದ್ದೂ ಎಳೆದುಕೊಂಡು ಬರುತ್ತದೆ. ಬರದೆ ಇದ್ದ ಜಾಗಕ್ಕೆ ಕೇಳಿದ ಕಥೆ, ಊಹೆ ಬಂದು ಕೂರುತ್ತವೆ. ಪಕ್ಕದಲ್ಲೇ ನಿಂತು ನೋಡಿದವರಿಗೆ ವಾಚು, ಚೊಗರು, ಅಜ್ಜನ ಸಿಟ್ಟು ಎಲ್ಲಾ ಇರುತ್ತದೆ, ಬೀಳಿಸಿದ್ದು ಯಾರು ಅನ್ನುವುದೊಂದು ಅದಲು ಬದಲಾದರೆ ಮುಗೀತು. ಅವಳಿಗಳಲ್ಲಿ ಇದೇ ಜಗಳ ಇರುತ್ತದೆ ಅಂತ 2001ರಲ್ಲಿ ಒಂದು ಅಧ್ಯಯನವೇ ಬಂದಿದೆ. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ ಇದು ಕಂಡುಬಂತು.

ಖಾರಾಪುರಿ:
ಇದನ್ನು ನಾನು ಒಪ್ಪಲ್ಲ. ಮದುವೆ ಊಟದ ಮೆನು ಮರೆತುಹೋಗಬಹುದು, ಆದರೆ ಬೆನ್ನಿಗೆ ಬಿದ್ದ ಗುದ್ದು ಯಾರಿಗೆ ಮರೆಯುತ್ತೆ ಸ್ವಾಮಿ?

ಗುಬ್ಬಚ್ಚಿ:
ಜೋರು ಭಾವನೆ ಇದ್ದರೆ ನಂಬಿಕೆ ಜಾಸ್ತಿ ಆಗುತ್ತದೆ, ಹಾಗಂತ ವಿವರವೂ ಸರಿ ಇರಬೇಕೆಂದಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತಲ್ಲ, ಮಾರನೇ ದಿನವೇ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಅನ್ನುವ ಮನಶ್ಶಾಸ್ತ್ರಜ್ಞ, ಸುದ್ದಿ ಎಲ್ಲಿ, ಯಾರಿಂದ ಗೊತ್ತಾಯಿತು ಅಂತ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡ. ಸುಮಾರು ಎರಡೂವರೆ ವರ್ಷ ಬಿಟ್ಟು ಅದೇ ಪ್ರಶ್ನೆ ಕೇಳಿದರೆ, ನಾಲ್ಕರಲ್ಲಿ ಒಂದು ಪಾಲು ಜನರ ಉತ್ತರ ಪೂರ್ತಿ ಬೇರೆ! ಹೇಳಿದ್ದು ಮಾತ್ರ ಗಟ್ಟಿಯಾಗಿ. ಅವರದೇ ಕೈಬರಹ ತೋರಿಸಿದರೂ ಹಳೇದು ವಾಪಸ್ ಬರಲಿಲ್ಲ.

ಹೊನ್ನಾವರದವಳು:
ಹಾಗಂತ ಎಲ್ಲಾ ನೆನಪೂ ಸುಳ್ಳು ಅಂತ ಹೊರಡಬೇಡಿ. ವಾಚು ಬಿದ್ದದ್ದಂತೂ ನಿಜ, ಅಲ್ವಾ? ಹಳೇ ಜಾಗಕ್ಕೆ ಹೋದರೆ ನೆನಪು ಸುಲಭವಾಗಿ ಬರುತ್ತದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಅನ್ನುವ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ನೀರಿನಡಿ ಪದಗಳನ್ನು ಕೇಳಿಸಿದರು. ಆಮೇಲೆ ನೆನಪಿಸಿಕೊಳ್ಳಿ ಅಂದಾಗ ಅವು ದಡದಲ್ಲಿ ಕಡಿಮೆ ನೆನಪಾದವು, ನೀರಿನಡಿಯಲ್ಲೇ ಜಾಸ್ತಿ. ಹಂಡೆಯ ಒಲೆ ಇನ್ನೂ ಇದ್ದರೆ ಇಬ್ಬರೂ ಹೋಗಿ ನಿಂತು ನೋಡಿ. ಆದರೆ ಅಲ್ಲಿ ಮಾತಾಡಿಕೊಳ್ಳಬೇಡಿ, ಮೊದಲು ಬೇರೆ ಬೇರೆ ಕೂತು ಬರೆದುಬಿಡಿ. ಒಬ್ಬರು ಬಾಯಿ ಬಿಟ್ಟರೆ ಅದು ಇನ್ನೊಬ್ಬರ ನೆನಪಿಗೂ ಸೇರಿಹೋಗುತ್ತದೆ. ಆವತ್ತು ಅಲ್ಲಿದ್ದ ಮಾವನೋ ಕೆಲಸದವರೋ ಇದ್ದರೆ, ಅಕ್ಕನ ಹೆಸರೂ ನಿಮ್ಮ ಹೆಸರೂ ಎತ್ತದೆ, "ಆ ವಾಚಿನ ಕಥೆ ಏನು?" ಅಂತ ಸುಮ್ನೆ ಕೇಳಿ.