ಆರು ಸಾವಿರದೊಳಗೆ ಕಡಲತೀರದ ಗಾಳ: ಯಾವ ರಾಡ್, ಯಾವ ರೀಲ್?

ಕೇಳಿದವರು: ಕುಂದಾಪುರ, ಈಗ ಬೆಂಗಳೂರು

ಊರಿಗೆ ಹೋದಾಗಲೆಲ್ಲ ಕೋಡಿ ಕಡಲತೀರದಲ್ಲಿ ನಿಂತು ಗಾಳ ಹಾಕಬೇಕು ಅಂತ ಆಸೆ. ಇಷ್ಟು ದಿನ ಹೊಳೆಯಲ್ಲಿ 7 ಅಡಿಯ ಸಣ್ಣ ರಾಡ್ ಬಳಸಿ ಗೊತ್ತು. ಕಡಲಿಗೆ ಅದು ಸಾಲದು ಅಂತಾರೆ. ರಾಡ್, ರೀಲ್, ಲೈನ್ ಎಲ್ಲ ಸೇರಿ 6000 ರೂಪಾಯಿ ದಾಟಬಾರದು. ಆನ್‌ಲೈನ್‌ನಲ್ಲಿ ನೋಡಿದರೆ ರಾಡ್ 10 ಅಡಿಯಿಂದ 15 ಅಡಿವರೆಗೆ ಇದೆ, ರೀಲ್ 3000ದಿಂದ 10000 ಸೈಜ್‌ವರೆಗೆ ಇದೆ. ತಲೆ ಕೆಟ್ಟುಹೋಗಿದೆ. ಕಾಣೆ (ಲೇಡಿಫಿಶ್), ಶಾಡೆ (ಕ್ಯಾಟ್‌ಫಿಶ್) ಸಿಕ್ಕರೆ ಸಾಕು, ದೊಡ್ಡ ಮೀನಿನ ಆಸೆ ಇಲ್ಲ. ಬೆಂಗಳೂರಿಂದ ಬಸ್ಸಲ್ಲಿ ಬರುವುದು, ಊರಲ್ಲಿ ಓಡಾಟ ಸ್ಕೂಟರ್‌ನಲ್ಲಿ. ಬಳಸಿ ನೋಡಿದವರು ಹೇಳಿ.

ಸುರತ್ಕಲ್

ರಾಡ್ ಉದ್ದದಿಂದ ಶುರು ಮಾಡಬೇಡಿ ಮಾರಾಯ್ರೆ. ಎಷ್ಟು ತೂಕದ ಸೀಸ ಎಸೆಯುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಚಳಿಗಾಲದಲ್ಲಿ ನಮ್ಮ ಕಡಲು ಶಾಂತವಾಗಿರುತ್ತದೆ, 50-60 ಗ್ರಾಂ ಸೀಸ ಮರಳಲ್ಲಿ ಕೂರುತ್ತದೆ. ಮೇ ತಿಂಗಳ ಹೊತ್ತಿಗೆ ಗಾಳಿ ಎದ್ದರೆ ಅದೇ ಸೀಸ ಉರುಳಿಕೊಂಡು ದಡಕ್ಕೆ ವಾಪಸ್ ಬರುತ್ತದೆ. ಆಗ 100-120 ಗ್ರಾಂ ಬೇಕಾಗುತ್ತದೆ, ಅದೂ ಗುಂಡಗಿನ ಸೀಸ ಅಲ್ಲ, ಪಿರಮಿಡ್ ಆಕಾರದ್ದು. ಅದರ ಮೂಲೆಗಳು ಮರಳನ್ನು ಕಚ್ಚಿ ಹಿಡಿಯುತ್ತವೆ.

ಎರಡೂ ಕಾಲಕ್ಕೆ ಒಂದೇ ರಾಡ್ ಅಂದರೆ 12 ಅಡಿಯದು, ಹಿಡಿಯ ಮೇಲ್ಭಾಗದಲ್ಲಿ 80-150 ಗ್ರಾಂ ಅಂತ ಬರೆದಿರುವಂಥದ್ದು ನೋಡಿ. ಸೀಸದ ಜೊತೆ ಗಾಳಕ್ಕೆ ಸಿಕ್ಕಿಸುವ ಬೂತಾಯಿ ಮೀನಿನ ತುಂಡಿನ ತೂಕವೂ ಸೇರುತ್ತದೆ ಅಲ್ವಾ, ಹಾಗಾಗಿ 150ರ ರಾಡ್‌ಗೆ 150ರ ಸೀಸ ಕಟ್ಟಬಾರದು. 110-120ರಲ್ಲಿ ಅದು ಚೆನ್ನಾಗಿ ಬಾಗಿ ಎಸೆಯುತ್ತದೆ. ಎಸೆಯುವ ತೂಕವನ್ನೇ ಬರೆಯದ ರಾಡ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

15 ಅಡಿ ರಾಡ್ ಕೊಂಡರೆ ಜಾಸ್ತಿ ದೂರ ಹೋಗುತ್ತದೆ ಅನ್ನುವುದು ಅರ್ಧ ನಿಜ. ಅದನ್ನು ಬಾಗಿಸುವಷ್ಟು ತೋಳು, ಅಭ್ಯಾಸ ಎರಡೂ ಬೇಕು. ಇಲ್ಲದಿದ್ದರೆ 12 ಅಡಿಯದಕ್ಕಿಂತ ಹತ್ತಿರವೇ ಬೀಳುತ್ತದೆ, ಭುಜ ನೋವು ಬೇರೆ.

ದುಡ್ಡು ಹಂಚುವುದು ಹೇಗೆ ಅಂದರೆ, ರಾಡ್‌ಗೆ 2000, ರೀಲ್‌ಗೆ 2500-2800, ಉಳಿದದ್ದು ಲೈನ್, ಸೀಸ, ಗಾಳಗಳಿಗೆ. ತುಂಬ ಜನ ಇದನ್ನು ಉಲ್ಟಾ ಮಾಡುತ್ತಾರೆ. ಫೈಬರ್‌ಗ್ಲಾಸ್ ರಾಡ್ ಭಾರ ಇರಬಹುದು, ಆದರೆ ಸ್ಕೂಟರ್‌ನಲ್ಲಿ ತಗುಲಿದರೂ, ಬಂಡೆಗೆ ಬಡಿದರೂ ತಡೆದುಕೊಳ್ಳುತ್ತದೆ. ಕಾರ್ಬನ್ ಹಗುರ, ಆದರೆ ಒಂದು ಪೆಟ್ಟು ಬಿದ್ದ ಜಾಗದಲ್ಲಿ ಮುಂದೊಂದು ದಿನ ಎಸೆಯುವಾಗ ಟಪ್ ಅಂತ ಮುರಿಯಬಹುದು. ಅಗ್ಗದ ರಾಡ್ ಜೊತೆ ಹೊಂದಿಕೊಂಡು ಹೋಗಬಹುದು. ಅಗ್ಗದ ರೀಲ್ ಉಪ್ಪುನೀರಿನ ಮುಂದೆ ನಿಲ್ಲುವುದಿಲ್ಲ.

ರೀಲ್ 5000 ಅಥವಾ 6000 ಸೈಜ್ ಸಾಕು. ಈ ನಂಬರ್ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಅದಕ್ಕೇ ಲೈನ್ ಸುತ್ತುವ ಸ್ಪೂಲ್ ಮೇಲಿನ ಲೆಕ್ಕ ಓದಿ. 0.35 ಮಿ.ಮೀ. ಲೈನ್ 200 ಮೀಟರ್ ಹಿಡಿದರೆ ಆಯಿತು. ಬಾಕ್ಸ್ ಮೇಲೆ 12 ಬೇರಿಂಗ್ ಅಂತ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ತುಕ್ಕು ಹಿಡಿಯುವ 12 ಬೇರಿಂಗ್‌ಗಿಂತ ಒಳ್ಳೆಯ 4 ವಾಸಿ. ಅಂಗಡಿಯಲ್ಲಿ ಹ್ಯಾಂಡಲ್ ಅಲ್ಲಾಡಿಸಿ ನೋಡಿ, ಸಡಿಲ ಇರಬಾರದು. ಲೈನನ್ನು ಸ್ಪೂಲ್‌ಗೆ ಸುತ್ತಿಸುವ ಬೇಲ್ ತಂತಿಯ ತುದಿಯಲ್ಲಿರುವ ಸಣ್ಣ ರೋಲರ್ ಬೆರಳಿಗೆ ಸಲೀಸಾಗಿ ತಿರುಗಬೇಕು. ಉಪ್ಪಿಗೆ ಬೇಗ ಹಿಡಿದುಕೊಳ್ಳುವುದು ಅದೇ. ಅದು ನಿಂತರೆ ಲೈನ್ ಉಜ್ಜಿ ಉಜ್ಜಿ ಹಾಳಾಗುತ್ತದೆ, ಕಾರಣ ಏನು ಅಂತಾನೇ ಗೊತ್ತಾಗುವುದಿಲ್ಲ.

ಮಲ್ಪೆ

ಮೇಲಿನವರು ಹೇಳಿದ್ದು ಸರಿ, ಆದರೆ ಕಾಣೆಗೆ 12 ಅಡಿ ರಾಡಾ? ಕಾಣೆ ಇರುವುದು ದಡದ ಹತ್ತಿರದ ಮರಳಲ್ಲಿ. ಬಲೆ ಬಂದರೆ ಮರಳೊಳಗೆ ಹುದುಗಿಕೊಳ್ಳುವ ಮೀನು ಅದು. ಹೊಸಬರು ಅದರ ತಲೆಯ ಮೇಲಿಂದ ನೂರು ಮೀಟರ್ ಆಚೆ ಎಸೆದು ಸುಮ್ನೆ ಕಾಯುತ್ತಾ ಕೂರುತ್ತಾರೆ. ನಮ್ಮ ಪಡುಕೆರೆ ಕಡೆ ಹಿರಿಯರು ಬರೀ ಕೈಗಾಳದಲ್ಲಿ ಕಾಣೆ ಹಿಡಿಯುವುದನ್ನು ನೋಡಿದ್ದೇನೆ. ನನ್ನ ಹತ್ತಿರ ಇರುವುದು 10 ಅಡಿಯ ರಾಡ್, 40-80 ಗ್ರಾಂನದು, 4000 ಸೈಜ್ ರೀಲ್, 0.28 ಲೈನ್. ಕಾಣೆಯ ಬಾಯಿ ಸಣ್ಣದು, ಹಾಗಾಗಿ ಗಾಳವೂ ಸಣ್ಣದಿರಬೇಕು, 6 ಅಥವಾ 8 ನಂಬರ್. ಬೆರಳುಗುರಿನಷ್ಟು ಸಿಗಡಿ ತುಂಡು ಸಾಕು. ದಪ್ಪ ರಾಡ್‌ನಲ್ಲಿ ಕಾಣೆ ಕಚ್ಚಿದ್ದು ಕೈಗೆ ಗೊತ್ತೇ ಆಗುವುದಿಲ್ಲ. ಮತ್ತೆ ಖುಷಿ ಎಲ್ಲಿ ಬಂತು?

ಸುರತ್ಕಲ್

ಬರೀ ಕಾಣೆ ಅಂದರೆ ನಿಮ್ಮ ಮಾತು ಒಪ್ಪುತ್ತೇನೆ. ಇವರು ಶಾಡೆಯನ್ನೂ ಕೇಳಿದ್ದಾರಲ್ಲ. ರಾತ್ರಿ ಶಾಡೆಗೆ ದೊಡ್ಡ ಬೂತಾಯಿ ತುಂಡು ಕಟ್ಟಿ ಎಸೆಯಬೇಕು, ಮಧ್ಯೆ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಕಚ್ಚಿದರೆ 10 ಅಡಿಯ ಸಪೂರ ರಾಡ್ ಒದ್ದಾಡುತ್ತದೆ. ನೀವು ಹೇಳಿದ ರಾಡ್ ಇವರ ಎರಡನೆಯ ರಾಡ್ ಆಗಲಿ. ಈ ಹುಚ್ಚಿಗೆ ಎರಡನೆಯದು ಬಂದೇ ಬರುತ್ತದೆ, ಬಿಡಿ.

ಕಾರವಾರ

ಬಸ್ಸಲ್ಲಿ ಬರುವುದು ಅಂದಿರಿ. ಒಂದರೊಳಗೊಂದು ಸೇರುವ ಟೆಲಿಸ್ಕೋಪಿಕ್ ರಾಡ್ ಕಡೆ ಮನಸ್ಸು ಎಳೆಯುತ್ತದೆ, ಗೊತ್ತು. ಮಡಿಸಿದರೆ ಚೀಲದೊಳಗೆ ಹೋಗುತ್ತದೆ. ಆದರೆ ಕಡಲತೀರದಲ್ಲಿ ಒಂದೊಂದು ಕೀಲಿನೊಳಗೂ ಮರಳು ಸೇರುತ್ತದೆ, ಉಪ್ಪು ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಬಿಚ್ಚಿದರೆ ಮಡಚಲು ಬರುವುದಿಲ್ಲ, ಮಡಚಿದರೆ ಬಿಚ್ಚಲು ಬರುವುದಿಲ್ಲ. ಮೂರು ತುಂಡಿನ ರಾಡ್ ತೆಗೆದುಕೊಳ್ಳಿ. 12 ಅಡಿಯದು ತುಂಡಿಗೆ 4 ಅಡಿ ಚಿಲ್ಲರೆ ಬರುತ್ತದೆ, ಸ್ಲೀಪರ್ ಬಸ್ಸಿನ ಬರ್ತ್‌ನಲ್ಲಿ ಪಕ್ಕಕ್ಕೆ ಮಲಗಿಸಬಹುದು. ಜೋಡಿಸುವ ಜಾಗಕ್ಕೆ ಮೇಣದಬತ್ತಿ ಸ್ವಲ್ಪ ಉಜ್ಜಿ, ಸಿಕ್ಕಿಹಾಕಿಕೊಳ್ಳುವುದಿಲ್ಲ. ಎಸೆಯುತ್ತಾ ಎಸೆಯುತ್ತಾ ತುಂಡುಗಳು ಮೆಲ್ಲಗೆ ತಿರುಗಿ ರಿಂಗ್‌ಗಳ ಸಾಲು ತಪ್ಪುತ್ತದೆ, ನಡುನಡುವೆ ನೋಡಿಕೊಳ್ಳಿ.

ರಾಡ್ ನಿಲ್ಲಿಸುವ ಸ್ಟ್ಯಾಂಡ್‌ಗೆ ದುಡ್ಡು ಹಾಕಬೇಡಿ. ನಾಲ್ಕು ಅಡಿ ಪಿವಿಸಿ ಪೈಪ್ ತಂದು ಒಂದು ತುದಿಯನ್ನು ಓರೆಯಾಗಿ ಕೊಯ್ದರೆ ಅದೇ ಸ್ಟ್ಯಾಂಡ್. ರಾಡ್‌ನ ಬುಡ ಒಳಗೆ ಹೋಗುತ್ತದಾ ಅಂತ ಮಾತ್ರ ಅಂಗಡಿಯಲ್ಲೇ ಅಳೆದು ನೋಡಿ. ರೀಲ್ ಇರುವ ರಾಡನ್ನು ಮರಳ ಮೇಲೆ ಮಲಗಿಸಲೇಬಾರದು.

ಮಸ್ಕತ್, ಊರು ಮಂಗಳೂರು

ಇಲ್ಲಿ ಒಮಾನ್ ಕಡಲಲ್ಲಿ ನಾನು ಬ್ರೇಡ್ ಲೈನ್ (ಸಣ್ಣ ಎಳೆಗಳನ್ನು ಹೆಣೆದದ್ದು) ಬಳಸುತ್ತೇನೆ. ಸಪೂರ, ದೂರ ಹೋಗುತ್ತದೆ, ನೀರಿನ ಸೆಳೆತ ಅದನ್ನು ಅಷ್ಟು ಎಳೆಯುವುದಿಲ್ಲ. ಆದರೂ ನಿಮಗೆ ಶುರುವಿಗೆ ಮೋನೋ, ಅಂದರೆ ಒಂದೇ ಎಳೆಯ ನೈಲಾನ್ ಲೈನೇ ಸಾಕು ಅಂತೀನಿ. ಬ್ರೇಡ್ ಬೆಲೆ ಜಾಸ್ತಿ, ಗಂಟುಬಿದ್ದರೆ ಬಿಡಿಸುವಷ್ಟರಲ್ಲಿ ಸಂಜೆ ಆಗಿರುತ್ತದೆ, ಕಲ್ಲಿಗೆ ಉಜ್ಜಿದರೆ ಬೇಗ ತುಂಡಾಗುತ್ತದೆ, ಎಸೆಯುವಾಗ ಬೆರಳು ಕೊಯ್ಯುತ್ತದೆ. ಬ್ರೇಡ್ ಹಾಕುವುದಾದರೆ ರಾಡ್‌ನ ರಿಂಗ್‌ಗಳೂ ಚೆನ್ನಾಗಿರಬೇಕು. ಹತ್ತಿಯ ತುಣುಕನ್ನು ರಿಂಗ್ ಒಳಗೆ ತಿರುಗಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಅಂತ ಅರ್ಥ. ಇದು ಮೋನೋಗೂ ಅನ್ವಯ.

ಯಾವ ಲೈನ್ ಹಾಕಿದರೂ ಶಾಕ್ ಲೀಡರ್ ಬಿಡಬೇಡಿ. ಎಸೆಯುವ ಕ್ಷಣದ ಹೊಡೆತ ತಡೆಯಲು ಮುಂದೆ ಕಟ್ಟುವ ದಪ್ಪ ಲೈನ್ ಅದು. ಪ್ರತಿ 28 ಗ್ರಾಂ ಸೀಸಕ್ಕೆ 10 ಪೌಂಡ್ ಬಲ ಅನ್ನುವುದು ಹಳೆಯ ಲೆಕ್ಕ. ಅಂದರೆ 112 ಗ್ರಾಂ ಸೀಸಕ್ಕೆ 40 ಪೌಂಡ್‌ನದು. ಉದ್ದ ಎಷ್ಟು ಅಂದರೆ, ಎಸೆಯಲು ಸೀಸ ಇಳಿಬಿಟ್ಟು ನಿಂತಾಗಲೂ ಸ್ಪೂಲ್ ಮೇಲೆ ಐದಾರು ಸುತ್ತು ಲೀಡರ್ ಉಳಿದಿರಬೇಕು. ಇದು ಮೀನಿಗಾಗಿ ಅಲ್ಲ, ಪಕ್ಕದಲ್ಲಿ ನಿಂತವರ ತಲೆಗಾಗಿ. ಲೈನ್ ತುಂಡಾಗಿ ಹಾರಿದ ಸೀಸ ಯಾರಿಗಾದರೂ ಬಿದ್ದರೆ ಏನಾಗಬಹುದು ಯೋಚಿಸಿ. ಭಾನುವಾರ ಸಂಜೆ ನಮ್ಮೂರ ಬೀಚ್‌ಗಳಲ್ಲಿ ಎಷ್ಟು ಮಕ್ಕಳಿರುತ್ತಾರೆ!

ಗಲ್ಫ್‌ನಿಂದ ಬರುವ ನೆಂಟರಿದ್ದರೆ ಬಳಸಿದ ಪೆನ್ ಅಥವಾ ಒಕುಮಾ ರೀಲ್ ತರಿಸಿಕೊಳ್ಳುವುದೂ ಒಂದು ದಾರಿ. ಹೊಸ ಹೆಸರಿಲ್ಲದ ರೀಲ್‌ಗಿಂತ ಚೆನ್ನಾಗಿ ನೋಡಿಕೊಂಡ ಹಳೆಯದು ಎಷ್ಟೋ ಮೇಲು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಅನುಮಾನ. ರಾಡ್, ರೀಲ್, ಲೈನ್, ಗಾಳ, ಚೀಲ ಎಲ್ಲ ಸೇರಿ 2500ಕ್ಕೆ ಕಾಂಬೋ ಅಂತ ಬರುತ್ತಲ್ಲ, ಕಲಿಯುವುದಕ್ಕೆ ಅದು ಆಗಲ್ವಾ?

ಸುರತ್ಕಲ್

ಅದರಲ್ಲಿ ಬರುವ ಲೈನ್ ಬಿಸಾಡುವುದೇ. ರೀಲ್ ಒಂದು ಮಳೆಗಾಲ ದಾಟಿದರೆ ಪುಣ್ಯ. ಕೆರೆಗಾದರೆ ತೆಗೆದುಕೊಳ್ಳಿ. ಬೆಂಗಳೂರಲ್ಲೇ ಇದ್ದೀರಲ್ಲ, ಡೆಕತ್ಲಾನ್‌ಗೋ ಗಾಳದ ಸಾಮಾನಿನ ಅಂಗಡಿಗೋ ಹೋಗಿ ಕೈಯಲ್ಲಿ ಹಿಡಿದು ನೋಡಿ. ಡೈವಾ, ಶಿಮಾನೋ, ಒಕುಮಾದ ಕಡಿಮೆ ಬೆಲೆಯ ರೀಲ್‌ಗಳನ್ನು ಪಕ್ಕಪಕ್ಕ ಇಟ್ಟು ತಿರುಗಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ರಾಡ್‌ಗೆ ಸಿಕ್ಕಿಸಿ ನೋಡುವುದನ್ನು ಮರೆಯಬೇಡಿ. ಮುಂಭಾಗ ತೀರಾ ಭಾರ ಅನ್ನಿಸಿದರೆ ಬೇರೆ ಜೋಡಿ ನೋಡಿ.

ಉಳ್ಳಾಲ

ಕೊಳ್ಳುವ ಮಾತು ಆಯಿತು, ಉಳಿಸಿಕೊಳ್ಳುವ ಮಾತು ಯಾರೂ ಹೇಳಲಿಲ್ಲ. ಮನೆಗೆ ಬಂದ ಕೂಡಲೇ ರೀಲ್‌ನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬ್ರೇಕ್) ಗಟ್ಟಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ಪೈಪ್ ಹಿಡಿದು ಜೋರಾಗಿ ಬಿಟ್ಟರೆ ಉಪ್ಪು ಒಳಗೇ ಹೋಗುತ್ತದೆ. ಬಕೆಟ್‌ನಲ್ಲಿ ಮುಳುಗಿಸಬೇಡಿ. ಒರೆಸಿ, ಡ್ರ್ಯಾಗ್ ಸಡಿಲ ಮಾಡಿ, ನೆರಳಲ್ಲಿ ಒಣಗಿಸಿ. ರೋಲರ್‌ಗೆ, ಹ್ಯಾಂಡಲ್ ಬುಡಕ್ಕೆ ಒಂದೊಂದು ಹನಿ ರೀಲ್ ಎಣ್ಣೆ. ತೆಂಗಿನೆಣ್ಣೆ ಹಾಕುವವರನ್ನು ನೋಡಿದ್ದೇನೆ, ಬೇಡ, ಅಂಟು ಕಟ್ಟುತ್ತದೆ.

6000ದಲ್ಲಿ ಒಂದು ಇಕ್ಕಳಕ್ಕೂ ಜಾಗ ಇಡಿ. ಶಾಡೆಯ ಬೆನ್ನು ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ವಿಷ ಏರಿ ಗಂಟೆಗಟ್ಟಲೆ ಉರಿಯುತ್ತದೆ. ಬರಿಗೈಯಲ್ಲಿ ಗಾಳ ಬಿಡಿಸಲು ಹೋಗಬೇಡಿ. ತೊರಕೆ ಬಂದರೆ ಬಾಲದ ಹತ್ತಿರ ಸುಳಿಯದೆ ಲೈನ್ ಕತ್ತರಿಸಿಬಿಡಿ.

ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಬಿಟ್ಟಿರುವ ಕಡೆ ಎಸೆಯಬೇಡಿ. ಅವರು ಎಳೆದು ಮುಗಿಸುವವರೆಗೆ ಸ್ವಲ್ಪ ದೂರ ಹೋಗಿ ನಿಂತರೆ ಜಗಳ ಇಲ್ಲ, ಕೇಳಿದರೆ ಮೀನು ಯಾವ ಕಡೆ ಓಡಾಡುತ್ತಿದೆ ಅಂತಲೂ ಹೇಳುತ್ತಾರೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೇ ನಿಷೇಧ ಇರುತ್ತದೆ. ಆ ಹೊತ್ತಲ್ಲಿ ಅಲೆ ತಡೆಯಲು ಹಾಕಿದ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಂತು ಗಾಳ ಹಾಕುವ ಸಾಹಸ ಬೇಡ. ಪಾಚಿ ಕಲ್ಲು, ಮೇಲಿಂದ ಅಲೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ಮುಂಚೆ ನೋಡಿ.

ಕೇಳಿದವರು

ಹಾಗಾದರೆ 12 ಅಡಿ, ಮೂರು ತುಂಡು, ಫೈಬರ್‌ಗ್ಲಾಸ್. 5000 ರೀಲ್, 0.35 ಮೋನೋ, 40 ಪೌಂಡ್ ಲೀಡರ್. ಲೈನ್ ಸ್ಪೂಲ್‌ಗೆ ಎಷ್ಟು ತುಂಬಿಸಬೇಕು?

ಮಲ್ಪೆ

ಅಂಚಿಗೆ ಎರಡು ಮಿ.ಮೀ. ಕಡಿಮೆ ಇರುವಷ್ಟು. ಕಡಿಮೆ ತುಂಬಿಸಿದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ, ಜಾಸ್ತಿ ಆದರೆ ಸುರುಳಿ ಸುರುಳಿಯಾಗಿ ಒಟ್ಟಿಗೆ ಹಾರುತ್ತದೆ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನ್ ಹಿಡಿದು ಬಿಗಿ ಕೊಡಿ. ಮೊದಲ ಸಲ ಕೋಡಿಗೆ ಇಳಿತದ ಹೊತ್ತಿಗೆ ರಾಡ್ ಇಲ್ಲದೆ ಹೋಗಿ. ಮರಳುದಿಬ್ಬಕ್ಕೂ ದಡಕ್ಕೂ ನಡುವೆ ಎಲ್ಲಿ ಗುಂಡಿಯಾಗಿ ನೀರು ನಿಂತಿದೆ ಅಂತ ನೋಡಿ, ದಡದ ಒಂದು ತೆಂಗಿನಮರ ಗುರುತು ಇಟ್ಟುಕೊಳ್ಳಿ. ಉಬ್ಬರ ಏರುವಾಗ ಆ ಗುಂಡಿಗೇ ಎಸೆಯಿರಿ. ಸಿಗಡಿ ಅವತ್ತಿನದೇ ಇರಲಿ.